ದೂರ ಒಂದೇ ಆದರೂ ಸಮಯ ಏಕೆ ಬೇರೆ? ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಲೆಕ್ಕ

ಪ್ರಶ್ನೆ: ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಸುಮಾರು 15,350 ಕಿ.ಮೀ. ದೂರವೆಂದು ಓದಿದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿದು ಭಾಗಿಸಿದರೆ 17 ಗಂಟೆ ಬರುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಹದಿನೆಂಟೂವರೆ ಗಂಟೆಗಿಂತ ಹೆಚ್ಚು ತೋರಿಸುತ್ತಾರೆ. ಅಷ್ಟೇ ಅಲ್ಲದೆ, ಹೋಗುವ ವಿಮಾನ ಪೆಸಿಫಿಕ್ ಸಾಗರದ ಮೇಲೂ ಬರುವ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೂ ಹಾರಿದ ಜಾಡನ್ನು ನಕ್ಷೆಯಲ್ಲಿ ನೋಡಿದೆ. ಎರಡು ಊರುಗಳ ನಡುವೆ ಒಂದೇ ದೂರ ಇರುವಾಗ ಹೀಗೇಕೆ? ಇಂತಹ ದೂರ ಮತ್ತು ಸಮಯವನ್ನು ನಾವೇ ಅಂದಾಜು ಮಾಡಿಕೊಳ್ಳಲು ಸಾಧ್ಯವೇ?

ಉತ್ತರ: ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ, ಆದರೆ ಅದಕ್ಕೆ ತೆಗೆದುಕೊಂಡ ಎರಡು ಸಂಖ್ಯೆಗಳಿಗೆ ಒಂದಕ್ಕೊಂದು ಹೊಂದಿಕೆಯಿಲ್ಲ. 15,350 ಕಿ.ಮೀ. ನೆಲದ ಮೇಲೆ ಅಳೆದ ದೂರ. ಗಂಟೆಗೆ 900 ಕಿ.ಮೀ. ಎನ್ನುವುದು ವಿಮಾನ ತನ್ನ ಸುತ್ತಲಿನ ಗಾಳಿಯೊಳಗೆ ಮುಂದೆ ಸಾಗುವ ವೇಗ. ಗಾಳಿ ಅಲುಗಾಡದೆ ನಿಂತಿದ್ದರೆ ಮಾತ್ರ ಇವೆರಡನ್ನು ನೇರವಾಗಿ ಭಾಗಿಸಬಹುದು, ಮತ್ತು ದೊಡ್ಡ ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಹಾಗೆ ನಿಂತಿರುವುದು ಅಪರೂಪ. ದೂರದ ಹಾರಾಟಗಳ ಸಮಯದಲ್ಲಿ ಕಾಣುವ ವಿಚಿತ್ರಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದ ಹುಟ್ಟುತ್ತವೆ. ಉಳಿದವುಗಳಿಗೆ ಕಾರಣ ದೇಶಗಳ ಗಡಿ, ಸುರಕ್ಷತೆಯ ನಿಯಮಗಳು ಮತ್ತು ಗಡಿಯಾರ.

ಮೊದಲು ದೂರದ ವಿಷಯವನ್ನು ನೋಡೋಣ. ಪ್ರತಿಯೊಂದು ವಿಮಾನ ನಿಲ್ದಾಣಕ್ಕೂ ಅಕ್ಷಾಂಶ ಮತ್ತು ರೇಖಾಂಶಗಳನ್ನು ಗೊತ್ತುಪಡಿಸಿದ ಒಂದು ಉಲ್ಲೇಖ ಬಿಂದು ಇರುತ್ತದೆ. ದೂರ ಹೇಳುವ ತಂತ್ರಾಂಶಗಳು ಇಂತಹ ಎರಡು ಬಿಂದುಗಳನ್ನು ತೆಗೆದುಕೊಂಡು, ಭೂಮಿಯ ಮೇಲ್ಮೈಗುಂಟ ಅವುಗಳನ್ನು ಕೂಡಿಸುವ ಅತಿ ಚಿಕ್ಕ ಗೆರೆಯ ಉದ್ದವನ್ನು ಕಂಡುಹಿಡಿಯುತ್ತವೆ. ಭೂಕೇಂದ್ರದ ಮೂಲಕ ಹಾದುಹೋಗುವ ಸಮತಲವೊಂದು ಭೂಮಿಯನ್ನು ಕತ್ತರಿಸಿದರೆ ಮೇಲ್ಮೈಯಲ್ಲಿ ಮೂಡುವ ವೃತ್ತವನ್ನು ಮಹಾವೃತ್ತ ಎನ್ನುತ್ತೇವೆ. ಈ ಅತಿ ಚಿಕ್ಕ ಗೆರೆ ಅಂತಹ ವೃತ್ತದ ಒಂದು ತುಂಡು. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಭಾವಿಸಿದರೆ ಮಹಾವೃತ್ತದ ಒಂದು ಡಿಗ್ರಿ ಸುಮಾರು 111.2 ಕಿ.ಮೀ. ಆಗುತ್ತದೆ. ಚಾಂಗಿ ನಿಲ್ದಾಣ 1.4 ಡಿಗ್ರಿ ಉತ್ತರ ಅಕ್ಷಾಂಶ, 104 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕೆನಡಿ ನಿಲ್ದಾಣ 40.6 ಡಿಗ್ರಿ ಉತ್ತರ, 73.8 ಡಿಗ್ರಿ ಪಶ್ಚಿಮದಲ್ಲಿದೆ. ಗೋಳ ತ್ರಿಕೋನಮಿತಿಯ ಸೂತ್ರಕ್ಕೆ ಇವನ್ನು ಹಾಕಿದರೆ ಎರಡರ ನಡುವಿನ ಕೋನ ಹೆಚ್ಚುಕಡಿಮೆ 138 ಡಿಗ್ರಿ ಬರುತ್ತದೆ. ಅದನ್ನು 111.2ರಿಂದ ಗುಣಿಸಿ ನೋಡಿ: ನೀವು ಓದಿದ ಸಂಖ್ಯೆಗೆ ನಾಲ್ಕೈದು ಕಿಲೋಮೀಟರ್‌ಗಳಷ್ಟು ಹತ್ತಿರ ಬರುತ್ತೀರಿ.

ಒಂದೊಂದು ಕಡೆ ಒಂದೊಂದು ಸಂಖ್ಯೆ ಕಾಣುವುದಕ್ಕೆ ಎರಡು ಸಣ್ಣ ಕಾರಣಗಳಿವೆ. ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕ ವೃತ್ತದಲ್ಲಿ ಅದರ ತ್ರಿಜ್ಯ ಸುಮಾರು 6,378 ಕಿ.ಮೀ., ಧ್ರುವದಲ್ಲಿ ಸುಮಾರು 6,357 ಕಿ.ಮೀ. ಗೋಳದ ಸೂತ್ರ ಈ ವ್ಯತ್ಯಾಸವನ್ನು ಕಡೆಗಣಿಸುವುದರಿಂದ ಶೇಕಡಾ ಅರ್ಧದವರೆಗೆ ಏರುಪೇರಾಗಬಹುದು. ಚಪ್ಪಟೆಯಾದ ಗೋಳಕ್ಕೆ ಹೊಂದುವ ನಿಖರ ಸೂತ್ರವನ್ನು 1975ರಲ್ಲಿ ಥಾಡಿಯಸ್ ವಿನ್ಸೆಂಟಿ ಪ್ರಕಟಿಸಿದರು. ಒಳ್ಳೆಯ ತಂತ್ರಾಂಶಗಳು ಅದನ್ನೋ ಅದಕ್ಕಿಂತ ಈಚಿನದನ್ನೋ ಬಳಸುತ್ತವೆ. ಎರಡನೆಯ ಕಾರಣ ಮೈಲಿಗೆ ಸಂಬಂಧಿಸಿದ್ದು. ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ, ಅದು 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಹೀಗಾಗಿ ನಿಮ್ಮ 15,350 ಕಿ.ಮೀ. ಒಂದು ಕಡೆ 8,288 ಮೈಲಿಯೆಂದೂ ಇನ್ನೊಂದು ಕಡೆ 9,538 ಮೈಲಿಯೆಂದೂ ಕಾಣಬಹುದು, ಎರಡೂ ಸರಿಯೇ. ಯಾವ ಮೈಲಿ ಎಂದು ಹೇಳದ ಸಂಖ್ಯೆಯನ್ನು ನಂಬಿ ಲೆಕ್ಕಕ್ಕೆ ಇಳಿಯಬೇಡಿ.

ಗೋಡೆಗೆ ತೂಗುಹಾಕುವ ನಕ್ಷೆ ಈ ವಿಷಯದಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಮರ್ಕೇಟರ್ 1569ರಲ್ಲಿ ರೂಪಿಸಿದ ಮಾದರಿಯ ನಕ್ಷೆಗಳು ಹಡಗಿನವರಿಗೆ ದಿಕ್ಕು ಹಿಡಿಯಲು ಅನುಕೂಲವಾಗುವಂತೆ ಮಾಡಿದವು. ಧ್ರುವಗಳತ್ತ ಹೋದಂತೆ ಅವು ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತವೆ. ಬೀಜಿಂಗ್ ಮತ್ತು ನ್ಯೂಯಾರ್ಕ್ ಎರಡೂ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಕ್ಷೆಯ ಮೇಲೆ ಅವುಗಳ ನಡುವೆ ಅಡ್ಡಲಾಗಿ ಎಳೆದ ಗೆರೆ ಅತಿ ನೇರವಾಗಿ ಕಂಡರೂ, ಆ ಅಕ್ಷಾಂಶದ ಗುಂಟವೇ ಹಾರಿದರೆ 14,300 ಕಿ.ಮೀ.ಗೂ ಹೆಚ್ಚಾಗುತ್ತದೆ. ಉತ್ತರಕ್ಕೆ ಏರಿ ಧ್ರುವದ ಹತ್ತಿರದಿಂದ ಇಳಿದರೆ ಸುಮಾರು 11,000 ಕಿ.ಮೀ. ಸಾಕು. ಮೂರು ಸಾವಿರ ಕಿಲೋಮೀಟರ್‌ಗೂ ಮಿಕ್ಕಿದ ಈ ಉಳಿತಾಯ ನಕ್ಷೆಯಲ್ಲಿ ದೊಡ್ಡ ಸುತ್ತುದಾರಿಯಂತೆ ಕಾಣುತ್ತದೆ. ಮನೆಯಲ್ಲಿ ಭೂಗೋಳದ ಮಾದರಿ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ತಾನಾಗಿ ಉತ್ತರಕ್ಕೆ ಸರಿದು ಸರಿಯಾದ ದಾರಿಯಲ್ಲಿ ಕೂರುತ್ತದೆ.

ಸಿಂಗಾಪುರ ಮತ್ತು ನ್ಯೂಯಾರ್ಕ್ ರೇಖಾಂಶಗಳ ನಡುವಿನ ಅಂತರ 178 ಡಿಗ್ರಿಗೆ ಹತ್ತಿರವಿದೆ. ಅಂದರೆ ಭೂಮಿಯ ಸುತ್ತಳತೆಯಲ್ಲಿ ಅವು ಬಹುತೇಕ ಎದುರುಬದುರಾಗಿವೆ. ಆದ್ದರಿಂದ ಅವುಗಳ ನಡುವಿನ ಅತಿ ಚಿಕ್ಕ ದಾರಿ ಸಿಂಗಾಪುರದಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೊರಟು, ಉತ್ತರ ಧ್ರುವದಿಂದ ಮುನ್ನೂರು ಕಿಲೋಮೀಟರ್‌ಗೂ ಕಡಿಮೆ ಅಂತರದಲ್ಲಿ ಹಾದು, ಕೆನಡಾದ ಮೇಲಿಂದ ದಕ್ಷಿಣಕ್ಕೆ ಇಳಿಯುತ್ತದೆ. ಈ ಜೋಡಿಯ ವಿಶೇಷವೂ ಇದೇ. ಅತಿ ಚಿಕ್ಕ ದಾರಿ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲವಾದ್ದರಿಂದ, ಧ್ರುವದ ದಾರಿಯನ್ನು ಬಿಟ್ಟು ಎಡಕ್ಕೋ ಬಲಕ್ಕೋ ವಾಲಿದರೂ ದೂರ ತೀರಾ ಹೆಚ್ಚುವುದಿಲ್ಲ. ಪೆಸಿಫಿಕ್ ಕಡೆಯಿಂದ ಹೋದರೂ, ಯುರೋಪಿನ ಕಡೆಯಿಂದ ಹೋದರೂ ಸಾವಿರ ಕಿಲೋಮೀಟರ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕೂಡಿಕೊಳ್ಳುತ್ತದೆ, ಅಷ್ಟೇ. ಹಾರಾಟದ ಯೋಜನೆ ಹಾಕುವವರಿಗೆ ಇದರಿಂದ ಸಿಗುವ ಸ್ವಾತಂತ್ರ್ಯ ಬೇರೆ ಜೋಡಿಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ.

ಆ ಸ್ವಾತಂತ್ರ್ಯವನ್ನು ಅವರು ಗಾಳಿಗಾಗಿ ಬಳಸುತ್ತಾರೆ. ಎರಡೂ ಗೋಳಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ರಭಸದ ಗಾಳಿಯ ಹೊನಲುಗಳಿವೆ. ಇವೇ ಜೆಟ್ ಸ್ಟ್ರೀಮ್‌ಗಳು. ಬೆಚ್ಚಗಿನ ಉಷ್ಣವಲಯದ ಗಾಳಿಗೂ ತಣ್ಣನೆಯ ಧ್ರುವಪ್ರದೇಶದ ಗಾಳಿಗೂ ಇರುವ ಉಷ್ಣಾಂಶದ ಅಂತರ ಮತ್ತು ಭೂಮಿಯ ತಿರುಗುವಿಕೆ ಎರಡೂ ಸೇರಿ ಇವನ್ನು ಉಂಟುಮಾಡುತ್ತವೆ. ಚಳಿಗಾಲದಲ್ಲಿ ಆ ಉಷ್ಣಾಂಶದ ಅಂತರ ಹಿಗ್ಗುವುದರಿಂದ ಹೊನಲಿನ ಬಲವೂ ಹೆಚ್ಚುತ್ತದೆ; ಅದರ ನಡುಭಾಗದಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಜಪಾನಿನ ಹವಾಮಾನ ತಜ್ಞ ವಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಬಹಳ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳಿಗೆ ಆ ಗಾಳಿಯ ಹೊಡೆತ ನೇರವಾಗಿ ತಟ್ಟಿತು.

ಈಗ ವಿಮಾನದ ವೇಗಕ್ಕೆ ಬರೋಣ. ದೊಡ್ಡ ಜೆಟ್ ವಿಮಾನಗಳು ಶಬ್ದದ ವೇಗದ ಒಂದು ಪಾಲಾಗಿ ತಮ್ಮ ವೇಗವನ್ನು ಕಾಯ್ದುಕೊಳ್ಳುತ್ತವೆ; ದೂರದ ಹಾರಾಟದಲ್ಲಿ ಅದು ಮಾಕ್ 0.85ರ ಸುತ್ತಮುತ್ತ ಇರುತ್ತದೆ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಗಾಳಿಯ ಉಷ್ಣಾಂಶ ಸುಮಾರು ಮೈನಸ್ 56 ಡಿಗ್ರಿ ಸೆಲ್ಸಿಯಸ್ ಇರುವಾಗ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ.; ಅದರ ಶೇಕಡಾ 85 ಎಂದರೆ 903 ಕಿ.ಮೀ. ನಿಮ್ಮ 900 ಬಂದದ್ದು ಇಲ್ಲಿಂದ. ಇದಕ್ಕೆ ಹಿಂಗಾಳಿಯನ್ನು ಕೂಡಿಸಿದರೆ ಅಥವಾ ಇದರಿಂದ ಎದುರುಗಾಳಿಯನ್ನು ಕಳೆದರೆ ನೆಲದ ಮೇಲಿನ ವೇಗ ಸಿಗುತ್ತದೆ.

ಲೆಕ್ಕಕ್ಕಾಗಿ, ಧ್ರುವದ ದಾರಿಯಲ್ಲಿ ಒಟ್ಟಾರೆ ಗಾಳಿಯ ಪ್ರಭಾವ ಸೊನ್ನೆ ಎಂದಿಟ್ಟುಕೊಳ್ಳಿ. ಆಗ 15,350 ಕಿ.ಮೀ.ಗೆ 17 ಗಂಟೆ 3 ನಿಮಿಷ ಬೇಕು. ಪೆಸಿಫಿಕ್ ಮೇಲಿನ 16,400 ಕಿ.ಮೀ. ದಾರಿಯಲ್ಲಿ ಸರಾಸರಿ ಗಂಟೆಗೆ 80 ಕಿ.ಮೀ. ಹಿಂಗಾಳಿ ಸಿಕ್ಕಿದರೆ ನೆಲದ ಮೇಲಿನ ವೇಗ 980 ಆಗಿ, 16 ಗಂಟೆ 44 ನಿಮಿಷದಲ್ಲಿ ದಾರಿ ಮುಗಿಯುತ್ತದೆ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತಿ ಹೋದ ವಿಮಾನವೇ ಹತ್ತೊಂಬತ್ತು ನಿಮಿಷ ಮೊದಲು ತಲುಪುತ್ತದೆ, ಇಂಧನವನ್ನೂ ಉಳಿಸುತ್ತದೆ. ವಾಪಸು ಬರುವಾಗ ಅದೇ ದಾರಿ ಹಿಡಿದರೆ ಆ ಗಾಳಿ ಎದುರಾಗುತ್ತದೆ. ಹಾಗಾಗಿ ನ್ಯೂಯಾರ್ಕ್‌ನಿಂದ ಮತ್ತೆ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್ ದಾಟಿ ಸಿಂಗಾಪುರ ಸೇರುವುದು ಅನೇಕ ದಿನಗಳಲ್ಲಿ ಲಾಭದಾಯಕ. ನೀವು ನೋಡಿದ ಎರಡು ಜಾಡುಗಳ ಗುಟ್ಟು ಇದು. ಅಂತಹ ದಿನ ಹೋಗಿಬರುವ ಪ್ರಯಾಣಿಕನು ಭೂಮಿಯನ್ನು ಒಂದು ಸುತ್ತು ಹಾಕಿದಂತಾಗುತ್ತದೆ. ದಾರಿಯನ್ನು ಪ್ರತಿ ಹಾರಾಟಕ್ಕೂ ಆ ದಿನದ ಗಾಳಿಯ ಮುನ್ಸೂಚನೆ ನೋಡಿ ಹೊಸದಾಗಿ ಆರಿಸುವುದರಿಂದ, ಇಂದಿನ ಜಾಡು ನಾಳೆಯೂ ಹಾಗೆಯೇ ಇರಬೇಕೆಂದಿಲ್ಲ. ಹಾರಾಟ ಯೋಜನೆಯ ಹಾಳೆಯಲ್ಲಿ ನೆಲದ ದೂರದ ಪಕ್ಕದಲ್ಲಿಯೇ ಗಾಳಿಯೊಳಗಿನ ದೂರವನ್ನೂ ಬರೆದಿರುತ್ತಾರೆ. ಇಂಧನವನ್ನು ಲೆಕ್ಕ ಹಾಕುವುದು ಈ ಎರಡನೆಯ ಸಂಖ್ಯೆಯ ಮೇಲೆ.

ಗಾಳಿಯ ಆಟ ಸ್ಪಷ್ಟವಾಗಿ ಕಾಣುವುದು ಲಂಡನ್–ನ್ಯೂಯಾರ್ಕ್ ದಾರಿಯಲ್ಲಿ. ಹೀಥ್ರೂ ಮತ್ತು ಕೆನಡಿ ನಿಲ್ದಾಣಗಳ ನಡುವೆ ಸುಮಾರು 5,550 ಕಿ.ಮೀ. ಇದೆ. ಪಶ್ಚಿಮಕ್ಕೆ ಹೋಗುವಾಗ ವೇಳಾಪಟ್ಟಿಯಲ್ಲಿ ಸುಮಾರು ಎಂಟು ಗಂಟೆ, ಪೂರ್ವಕ್ಕೆ ಬರುವಾಗ ಸುಮಾರು ಏಳು ಗಂಟೆ ಇರುತ್ತದೆ. ಉತ್ತರ ಅಟ್ಲಾಂಟಿಕ್ ಮೇಲೆ ದಿನವೂ ಎರಡು ಬಾರಿ, ಗಾಳಿಯನ್ನು ನೋಡಿಕೊಂಡು, ಸಮಾನಾಂತರ ಆಕಾಶಮಾರ್ಗಗಳನ್ನು ಪ್ರಕಟಿಸುವ ವ್ಯವಸ್ಥೆ ಬಹುಕಾಲದಿಂದ ಇದೆ. ಕೆನಡಾದ ಗ್ಯಾಂಡರ್ ಮತ್ತು ಬ್ರಿಟನ್ ಕಡೆಯ ಶ್ಯಾನ್‌ವಿಕ್ ನಿಯಂತ್ರಣ ಕೇಂದ್ರಗಳು ಅದನ್ನು ನೋಡಿಕೊಳ್ಳುತ್ತವೆ. ಪೂರ್ವಕ್ಕೆ ಹೋಗುವ ಮಾರ್ಗಗಳು ಹೊನಲಿನ ಒಳಗೇ ಬರುವಂತೆಯೂ ಪಶ್ಚಿಮಕ್ಕೆ ಹೋಗುವವು ಅದರಿಂದ ತಪ್ಪಿಸಿಕೊಳ್ಳುವಂತೆಯೂ ಅವುಗಳನ್ನು ಎಳೆಯುತ್ತಾರೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿಳಿಯಿತು. ನೆಲದ ಮೇಲಿನ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಅದು ಶಬ್ದದ ವೇಗವನ್ನು ಮೀರಿತೆಂದು ಅರ್ಥವಲ್ಲ. ಸುತ್ತಲಿನ ಗಾಳಿಯೇ ಅಷ್ಟು ರಭಸದಿಂದ ಅದೇ ದಿಕ್ಕಿಗೆ ಹೊರಟಿತ್ತು, ಆ ಗಾಳಿಯೊಳಗೆ ವಿಮಾನ ಎಂದಿನ ವೇಗದಲ್ಲೇ ಸಾಗುತ್ತಿತ್ತು.

ಬಹಳ ಜನ ತಿಳಿದಿರುವಂತೆ, ಹೋಗುವಾಗ ಕಳೆದುಕೊಂಡ ಸಮಯವನ್ನು ಬರುವಾಗ ಅದೇ ಗಾಳಿ ಹಿಂತಿರುಗಿಸಿಬಿಡುತ್ತದೆ ಎನ್ನುವುದು ನಿಜವಲ್ಲ. ಇದೇ 5,550 ಕಿ.ಮೀ. ದಾರಿಯಲ್ಲಿ ಗಾಳಿಯಿಲ್ಲದಿದ್ದರೆ ಒಂದು ಕಡೆಗೆ 6 ಗಂಟೆ 10 ನಿಮಿಷ. ಗಂಟೆಗೆ 100 ಕಿ.ಮೀ. ಹಿಂಗಾಳಿ ಇದ್ದರೆ 5 ಗಂಟೆ 33 ನಿಮಿಷ, ಅಷ್ಟೇ ಎದುರುಗಾಳಿ ಇದ್ದರೆ 6 ಗಂಟೆ 56 ನಿಮಿಷ. ಒಂದು ಕಡೆ ಉಳಿದದ್ದು 37 ನಿಮಿಷ, ಇನ್ನೊಂದು ಕಡೆ ಹೋದದ್ದು 46 ನಿಮಿಷ. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗುವುದರಿಂದ ಆ ಗಾಳಿಯೊಳಗೆ ಹೆಚ್ಚು ಹೊತ್ತು ಇರಬೇಕಾಗುತ್ತದೆ; ನಷ್ಟ ಯಾವಾಗಲೂ ಲಾಭಕ್ಕಿಂತ ದೊಡ್ಡದಾಗುವುದು ಅದಕ್ಕೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ನಿವಾರಿಸಿಬಿಡಬಹುದು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರು ತಾನೇ ಎದುರಾಗಿ ಬರಬೇಕಲ್ಲವೇ ಎಂದು ಕೇಳುವವರಿದ್ದಾರೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ, ರನ್‌ವೇ ಮೇಲೆ ನಿಂತ ವಿಮಾನವೂ ಮೊದಲೇ ಆ ವೇಗವನ್ನು ಹೊಂದಿರುತ್ತದೆ; ಆದ್ದರಿಂದ ನೇರವಾಗಿ ಯಾವ ಲಾಭವೂ ಇಲ್ಲ. ಭೂಮಿಯ ತಿರುಗುವಿಕೆ ಹಾರಾಟದ ಸಮಯವನ್ನು ಮುಟ್ಟುವುದು ಜೆಟ್ ಸ್ಟ್ರೀಮ್‌ನ ದಿಕ್ಕನ್ನು ರೂಪಿಸುವ ಮೂಲಕ, ಅದೂ ಈ ಪ್ರಶ್ನೆ ಕೇಳುವವರು ನಿರೀಕ್ಷಿಸುವುದಕ್ಕೆ ತದ್ವಿರುದ್ಧವಾಗಿ.

ಗಾಳಿಯನ್ನು ಬಿಟ್ಟರೆ ದಾರಿಯನ್ನು ಬಾಗಿಸುವ ಎರಡನೆಯ ದೊಡ್ಡ ಶಕ್ತಿ ರಾಜಕೀಯ. ಒಂದು ದೇಶದ ಮೇಲಿನ ಆಕಾಶ ಆ ದೇಶಕ್ಕೆ ಸೇರಿದ್ದು. ಅದನ್ನು ದಾಟಲು ಅನುಮತಿ ಬೇಕು, ಶುಲ್ಕವನ್ನೂ ಕಟ್ಟಬೇಕು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಆಕಾಶ ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿದ್ದರಿಂದ, ಯುರೋಪಿನಿಂದ ಜಪಾನಿಗೆ ಹೋಗುವವರು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದರು. ಸ್ಕ್ಯಾಂಡಿನೇವಿಯಾದ ವಿಮಾನಯಾನ ಸಂಸ್ಥೆ ಎಸ್‌ಎಎಸ್ 1957ರಲ್ಲಿ ಕೋಪನ್‌ಹೇಗನ್–ಟೋಕಿಯೊ ನಡುವೆ ಧ್ರುವದ ಮೇಲಿಂದ ಸೇವೆ ಆರಂಭಿಸಿದ್ದು ಈ ದಾರಿಯಲ್ಲೇ. ಮುಂದೆ ಸೈಬೀರಿಯಾದ ಆಕಾಶ ತೆರೆದಾಗ ಪ್ರಯಾಣ ಬಹಳ ಚಿಕ್ಕದಾಯಿತು. ಹೆಲ್ಸಿಂಕಿ ನಗರ ಏಷ್ಯಾಕ್ಕೆ ಹೋಗುವವರ ಮುಖ್ಯ ತಂಗುದಾಣವಾಗಿ ಬೆಳೆದದ್ದಕ್ಕೆ ಅದು ಈ ನೇರ ದಾರಿಯ ಬಾಗಿಲಲ್ಲಿ ಇದ್ದದ್ದೇ ಕಾರಣ. 2022ರ ಫೆಬ್ರವರಿಯ ನಂತರ ಯುರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮತ್ತೆ ಮುಚ್ಚಿತು. ಆಗ ಹೆಲ್ಸಿಂಕಿ–ಟೋಕಿಯೊ ಹಾರಾಟ ಸುಮಾರು ಒಂಬತ್ತೂವರೆ ಗಂಟೆಯಿಂದ ಹದಿಮೂರು ಗಂಟೆಯ ಆಸುಪಾಸಿಗೆ ಏರಿತು. ಎರಡು ನಿಲ್ದಾಣಗಳ ನಡುವಿನ ಮಹಾವೃತ್ತದ ದೂರ ಮೊದಲಿನಂತೆ 8,000 ಕಿ.ಮೀ.ಗೂ ಕಡಿಮೆಯೇ ಇದೆ. ದೂರ ತೋರಿಸುವ ತಂತ್ರಾಂಶ ಇಂದಿಗೂ ಅದನ್ನೇ ಹೇಳುತ್ತದೆ. ಕಾಗದದ ದೂರವನ್ನು ನೋಡಿ ಸಮಯವನ್ನು ಊಹಿಸುವವರು ಎಡವುವುದು ಇಂತಹ ಜೋಡಿಗಳಲ್ಲಿ, ಮತ್ತು ಇಲ್ಲಿ ಯಾವ ಸೂತ್ರವೂ ನೆರವಾಗದು, ವೇಳಾಪಟ್ಟಿಯನ್ನೇ ನೋಡಬೇಕು.

ಸುರಕ್ಷತೆಯ ನಿಯಮಗಳೂ ದಾರಿಯನ್ನು ತುಸು ಬಾಗಿಸುತ್ತವೆ. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ಎಂಜಿನ್ ಕೆಟ್ಟರೆ ಉಳಿದ ಒಂದರಲ್ಲಿ ಹಾರಿ, ಗೊತ್ತುಪಡಿಸಿದ ಅವಧಿಯೊಳಗೆ ಇಳಿಯಲು ತಕ್ಕ ನಿಲ್ದಾಣವೊಂದು ಎಲ್ಲ ಹೊತ್ತಿನಲ್ಲೂ ಎಟಕುವಂತಿರಬೇಕು. ಒಂದು ಕಾಲದಲ್ಲಿ ಈ ಮಿತಿ ಅರವತ್ತು ನಿಮಿಷ ಇತ್ತು. 1985ರಲ್ಲಿ ಅದನ್ನು 120 ನಿಮಿಷಕ್ಕೂ 1988ರಲ್ಲಿ 180 ನಿಮಿಷಕ್ಕೂ ವಿಸ್ತರಿಸಿದರು, ಏರ್‌ಬಸ್ ಎ350 ವಿಮಾನಕ್ಕೆ 2014ರಲ್ಲಿ 370 ನಿಮಿಷದವರೆಗೆ ಅನುಮತಿ ಸಿಕ್ಕಿತು. ಉತ್ತರ ಗೋಳಾರ್ಧದಲ್ಲಿ ಇದು ಇಂದು ಅಷ್ಟಾಗಿ ಕಾಡುವುದಿಲ್ಲ. ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೊಗೆ ಹೋಗುವ ದಾರಿಯಲ್ಲಿ ಮಾತ್ರ ಕೆಳಗೆ ಸಾವಿರಾರು ಕಿಲೋಮೀಟರ್ ಬರೀ ಸಮುದ್ರ, ಆಚೆಗೆ ಅಂಟಾರ್ಕ್ಟಿಕ. ಅಲ್ಲಿ ಈ ನಿಯಮದ ಭಾರ ಇನ್ನೂ ತಿಳಿಯುತ್ತದೆ. ಹಾಗೆಯೇ ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನದೊಳಗಿನ ಒತ್ತಡ ಇಳಿದುಹೋದರೆ ತಕ್ಷಣ ಉಸಿರಾಡಲು ಯೋಗ್ಯವಾದ ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಲು ಜಾಗವಿರುವುದಿಲ್ಲ, ನೆಲವೇ ಅದಕ್ಕಿಂತ ಮೇಲಿದೆ. ಆದ್ದರಿಂದ ಬಹುತೇಕ ದಾರಿಗಳು ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ.

ಇಷ್ಟಾದರೂ ನಿಮ್ಮ ಹದಿನೇಳಕ್ಕೂ ವೇಳಾಪಟ್ಟಿಯ ಹದಿನೆಂಟೂವರೆಗೂ ನಡುವಿನ ಅಂತರ ಪೂರ್ತಿ ತುಂಬಿಲ್ಲ. ಪೆಸಿಫಿಕ್ ದಾರಿಯ ಇಡೀ ಉದ್ದಕ್ಕೂ ಹಿಂಗಾಳಿ ಸಿಗುವುದಿಲ್ಲ. ಸಮಭಾಜಕ ವೃತ್ತದ ಹತ್ತಿರ ಜೆಟ್ ಸ್ಟ್ರೀಮ್ ಇಲ್ಲ, ಉತ್ತರಕ್ಕೆ ಬಂದ ಮೇಲೂ ಗಾಳಿ ಓರೆಯಾಗಿ ಬೀಸುವ ಭಾಗಗಳಿವೆ. ಜೊತೆಗೆ, ಇಷ್ಟು ದೂರದ ವಿಮಾನ ಹೊರಡುವಾಗ ಅದರ ತೂಕದ ದೊಡ್ಡ ಪಾಲು ಇಂಧನವೇ ಆಗಿರುತ್ತದೆ. ಈ ದಾರಿಗೆಂದೇ ಸಿಂಗಾಪುರ್ ಏರ್‌ಲೈನ್ಸ್ ಬಳಸುವ ಎ350-900 ಯುಎಲ್‌ಆರ್ ಮಾದರಿಯಲ್ಲಿ 165,000 ಲೀಟರ್ ಇಂಧನಕ್ಕೆ ಜಾಗವಿದೆ, ಆಸನಗಳು 161 ಮಾತ್ರ. ಭಾರ ಹೆಚ್ಚಿರುವಾಗ ವಿಮಾನ ನೇರವಾಗಿ ಅತಿ ಎತ್ತರಕ್ಕೆ ಏರಲಾರದು. ಇಂಧನ ಉರಿದು ಹಗುರವಾದಂತೆ ಹಂತ ಹಂತವಾಗಿ ಮೇಲೇರುತ್ತದೆ. ವೇಗವನ್ನೂ ಸಂಸ್ಥೆಗಳು ಲೆಕ್ಕ ಹಾಕಿಯೇ ಗೊತ್ತುಮಾಡುತ್ತವೆ: ಒಂದು ನಿಮಿಷದ ವೆಚ್ಚವನ್ನೂ ಒಂದು ಕಿಲೋ ಇಂಧನದ ವೆಚ್ಚವನ್ನೂ ತೂಗಿ ಪಡೆದ ಸಂಖ್ಯೆಯೊಂದನ್ನು ವಿಮಾನದ ಕಂಪ್ಯೂಟರಿಗೆ ಕೊಡುತ್ತಾರೆ, ಇಂಧನ ದುಬಾರಿಯಾದಾಗ ವಿಮಾನ ತುಸು ನಿಧಾನವಾಗಿ ಹಾರುತ್ತದೆ. ಇದೇ ಸಂಸ್ಥೆ 2004ರಿಂದ 2013ರವರೆಗೆ ನಾಲ್ಕು ಎಂಜಿನ್‌ಗಳ ಎ340-500 ವಿಮಾನದಲ್ಲಿ ಸಿಂಗಾಪುರದಿಂದ ನ್ಯೂಯಾರ್ಕ್ ಪಕ್ಕದ ನೂವರ್ಕ್ ನಿಲ್ದಾಣಕ್ಕೆ ನೇರ ಸೇವೆ ನಡೆಸಿ ನಿಲ್ಲಿಸಿತ್ತು. ಎರಡು ಎಂಜಿನ್‌ಗಳ ಮಿತವ್ಯಯದ ವಿಮಾನ ಬಂದ ಮೇಲೆ 2018ರ ಅಕ್ಟೋಬರಿನಲ್ಲಿ ಆ ಸೇವೆ ಮರಳಿತು, 2020ರ ನವೆಂಬರಿನಲ್ಲಿ ಕೆನಡಿ ನಿಲ್ದಾಣಕ್ಕೂ ನೇರ ಹಾರಾಟ ಶುರುವಾಯಿತು.

ವೇಳಾಪಟ್ಟಿಯಲ್ಲಿ ಇರುವುದು ಹಾರಾಟದ ಸಮಯವಲ್ಲ ಎಂಬುದನ್ನೂ ಗಮನಿಸಬೇಕು. ವಿಮಾನಯಾನದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ವಿಮಾನ ನಿಂತ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಆಚೆಯ ಗೇಟಿನಲ್ಲಿ ಬಂದು ನಿಂತ ಕ್ಷಣದವರೆಗಿನ ಅವಧಿ ಅದು. ರನ್‌ವೇವರೆಗೆ ತೆವಳುವುದು, ಅಲ್ಲಿ ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಗೇಟು ಖಾಲಿಯಾಗುವವರೆಗೆ ನಿಲ್ಲುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಬಹಳಷ್ಟು ದೇಶಗಳಲ್ಲಿ ಹತ್ತು ಸಾವಿರ ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮೀರುವಂತಿಲ್ಲ. ಇಳಿಯುವ ರನ್‌ವೇ ನೀವು ಬಂದ ದಿಕ್ಕಿಗೆ ಬೆನ್ನು ಹಾಕಿದ್ದರೆ ವಿಮಾನವು ನಿಲ್ದಾಣವನ್ನು ಸುತ್ತಿಕೊಂಡು ಆಚೆಯಿಂದ ಬರಬೇಕು. ಇವೆಲ್ಲದರ ಮೇಲೆ, ಸಮಯಪಾಲನೆಯ ಅಂಕಿಅಂಶ ಕೆಡದಿರಲೆಂದು ಸಂಸ್ಥೆಗಳು ಒಂದಿಷ್ಟು ನಿಮಿಷಗಳನ್ನು ಮೊದಲೇ ಸೇರಿಸಿಟ್ಟಿರುತ್ತವೆ. ತಡವಾಗಿ ಹೊರಟ ವಿಮಾನ ಸಮಯಕ್ಕೆ ಸರಿಯಾಗಿ ತಲುಪುವುದರಲ್ಲಿ ಪೈಲಟ್‌ನ ಚಾಕಚಕ್ಯತೆಗಿಂತ ಈ ಸೇರ್ಪಡೆಯ ಪಾಲೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಗಾಳಿಯ ಬಲ ಋತುವಿನೊಂದಿಗೆ ಬದಲಾಗುವುದರಿಂದ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ವೇಳಾಪಟ್ಟಿಯ ಋತು ಬದಲಾದಾಗ ಒಂದೇ ಹಾರಾಟದ ಅವಧಿಯೂ ಬದಲಾಗಬಹುದು.

ಹಾಗಾದರೆ ಮನೆಯಲ್ಲಿ ಕೂತು ಅಂದಾಜು ಮಾಡುವುದು ಹೇಗೆ? ಮಹಾವೃತ್ತದ ದೂರವನ್ನು 900ರಿಂದ ಭಾಗಿಸಿ, ಏರಿಳಿತಕ್ಕೂ ನೆಲದ ಮೇಲಿನ ಓಡಾಟಕ್ಕೂ ಸೇರಿ ಮುಕ್ಕಾಲು ಗಂಟೆ ಕೂಡಿಸಿ. ಮಧ್ಯ ಅಕ್ಷಾಂಶಗಳಲ್ಲಿ ಪಶ್ಚಿಮಕ್ಕೆ ಹೋಗುವ ಹಾರಾಟವಾದರೆ ಪ್ರತಿ ಐದಾರು ಸಾವಿರ ಕಿಲೋಮೀಟರ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೆಚ್ಚಿಸಿ. ಪೂರ್ವಕ್ಕಾದರೆ ಏನನ್ನೂ ಕಳೆಯದೆ ಹಾಗೆಯೇ ಬಿಡಿ, ಏಕೆಂದರೆ ಗಾಳಿ ಉಳಿಸಿದ್ದನ್ನು ಮೇಲೆ ಹೇಳಿದ ಸೇರ್ಪಡೆಯೂ ಇಳಿಯುವ ಮುನ್ನ ಆಕಾಶದಲ್ಲಿ ಸುತ್ತುಹಾಕುತ್ತಾ ಕಾಯುವುದೂ ನುಂಗಿಹಾಕುತ್ತವೆ. ದಾರಿ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿದ್ದರೆ ಎರಡೂ ಕಡೆಗೆ ಒಂದೇ ಸಮಯ ಹಿಡಿಯಿರಿ. ಲಂಡನ್–ನ್ಯೂಯಾರ್ಕ್ ಜೋಡಿಗೆ ಇದನ್ನು ಹಚ್ಚಿ ನೋಡಿದರೆ ಪೂರ್ವಕ್ಕೆ ಏಳು ಗಂಟೆಗೆ ಹತ್ತಿರ, ಪಶ್ಚಿಮಕ್ಕೆ ಎಂಟರ ಹತ್ತಿರ ಬರುತ್ತದೆ, ವೇಳಾಪಟ್ಟಿಗೆ ಸರಿಹೊಂದುತ್ತದೆ. 14,500 ಕಿ.ಮೀ. ಇರುವ ಪರ್ತ್–ಲಂಡನ್ ಹಾರಾಟಕ್ಕೆ ಹದಿನೇಳು ಗಂಟೆಯ ಆಸುಪಾಸು ಸಿಗುತ್ತದೆ. 2018ರಿಂದ ಅಲ್ಲಿ ನಡೆಯುತ್ತಿರುವ ನೇರ ಸೇವೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಸಿಂಗಾಪುರ–ನ್ಯೂಯಾರ್ಕ್ ಜೋಡಿಗೆ ಮಾತ್ರ ಈ ಅಂದಾಜು ಸುಮಾರು ಒಂದು ಗಂಟೆ ಕಡಿಮೆ ಬೀಳುತ್ತದೆ, ಅಲ್ಲಿ ನಿಜವಾಗಿ ಹಾರುವ ದಾರಿಯೇ ಉದ್ದವಾದ್ದರಿಂದ. ಮಹಾವೃತ್ತದ ಬದಲು ಹಾರಿದ ದಾರಿಯ ಉದ್ದ ಗೊತ್ತಿದ್ದರೆ ಅದನ್ನೇ ಬಳಸಿ.

ಕೊನೆಯದಾಗಿ ಗಡಿಯಾರದ ತೊಡಕು. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯವನ್ನು ಯುಟಿಸಿ ಎನ್ನುತ್ತಾರೆ; ಸಿಂಗಾಪುರ ವರ್ಷವಿಡೀ ಅದಕ್ಕಿಂತ 8 ಗಂಟೆ ಮುಂದಿದೆ. ನ್ಯೂಯಾರ್ಕ್ ಚಳಿಗಾಲದಲ್ಲಿ 5 ಗಂಟೆ, ಬೇಸಿಗೆಯಲ್ಲಿ 4 ಗಂಟೆ ಹಿಂದಿದೆ. ಚಳಿಗಾಲದ ಒಂದು ದಿನ ಸಿಂಗಾಪುರವನ್ನು ನಡುರಾತ್ರಿ 12 ಗಂಟೆಗೆ ಬಿಟ್ಟು 18 ಗಂಟೆ 40 ನಿಮಿಷ ಪ್ರಯಾಣ ಮಾಡಿದರೆ, ಸಿಂಗಾಪುರದ ಗಡಿಯಾರದಲ್ಲಿ ಸಂಜೆ 6.40 ಆಗಿರುತ್ತದೆ, ಅದರಿಂದ 13 ಗಂಟೆ ಕಳೆದರೆ ನ್ಯೂಯಾರ್ಕ್‌ನಲ್ಲಿ ಅದೇ ದಿನಾಂಕದ ಬೆಳಗಿನ 5.40. ಟಿಕೆಟ್ ನೋಡಿದವರಿಗೆ ಆರು ಗಂಟೆಯೂ ಆಗದ ಪ್ರಯಾಣದಂತೆ ಕಾಣುತ್ತದೆ. ವಾಪಸು ರಾತ್ರಿ 10ಕ್ಕೆ ಹೊರಟು 18 ಗಂಟೆ 50 ನಿಮಿಷ ಹಾರಿದರೆ ನ್ಯೂಯಾರ್ಕ್ ಲೆಕ್ಕದಲ್ಲಿ ಮರುದಿನ ಸಂಜೆ 4.50, ಸಿಂಗಾಪುರದಲ್ಲಿ ಅದರ ಮರುದಿನದ ಬೆಳಗಿನ 5.50, ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕ ಕೂಡಿಸುವ ಚಿಹ್ನೆಯೊಡನೆ 2 ಎಂದು ಸಣ್ಣದಾಗಿ ಬರೆದಿರುವುದು ಈ ಎರಡು ದಿನಗಳಿಗಾಗಿ. ಎರಡೂ ಸಮಯಗಳನ್ನು ಮೊದಲು ಯುಟಿಸಿಗೆ ಬದಲಿಸಿಕೊಂಡು ಆಮೇಲೆ ಕಳೆದರೆ ಈ ಗೊಂದಲ ಇರುವುದಿಲ್ಲ. ಬೇಸಿಗೆ ಸಮಯ ಪಾಲಿಸುವ ಊರು ಯಾವುದು, ಆ ದಿನಾಂಕದಂದು ಅದು ಜಾರಿಯಲ್ಲಿದೆಯೇ ಎಂಬುದನ್ನು ಮಾತ್ರ ಮರೆಯದೆ ನೋಡಿಕೊಳ್ಳಬೇಕು. ಒಂದು ಗಂಟೆಯ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲೇ ಆಗುತ್ತವೆ.

ನಡುವೆ ಒಂದು ಕಡೆ ಇಳಿದು ಹೋಗುವ ಪ್ರಯಾಣವಾದರೆ ಎರಡೂ ತುಂಡುಗಳಿಗೆ ಈ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡಿ, ಮುಕ್ಕಾಲು ಗಂಟೆಯನ್ನೂ ಎರಡು ಬಾರಿ ಕೂಡಿಸಬೇಕು, ಜೊತೆಗೆ ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಸೇರಿಸಬೇಕು. ಕೆಲವು ತಾಣಗಳು ಪ್ರಯಾಣದ ಅವಧಿ ಎಂದು ತೋರಿಸುವಾಗ ಈ ಕಾಯುವ ಹೊತ್ತನ್ನು ಸೇರಿಸಿರುತ್ತವೆ, ಕೆಲವು ಹಾರಾಟದ ತುಂಡುಗಳ ಮೊತ್ತವನ್ನಷ್ಟೇ ಕೊಡುತ್ತವೆ. ನೇರ ಹಾರಾಟದೊಂದಿಗೆ ಹೋಲಿಸುವ ಮುನ್ನ ಮೊದಲ ನಿಲ್ದಾಣ ಬಿಡುವ ಮತ್ತು ಕೊನೆಯ ನಿಲ್ದಾಣ ತಲುಪುವ ಸಮಯಗಳನ್ನು ತೆಗೆದುಕೊಂಡು ನೀವೇ ಒಮ್ಮೆ ಕಳೆದು ನೋಡಿ.